ಸಿರಪ್ಪಿಗಿಂತ ಮೊದಲು ಒಂದು ಡಬ್ಬಿ ಮೂತ್ರ

ಕೊಡಗಿನ ಕಕ್ಕಡ ತಿಂಗಳ ಮಳೆ. ಮಗುವಿಗೆ ಜ್ವರ, ಆದರೆ ಶೀತ ಇಲ್ಲ, ಕೆಮ್ಮೂ ಇಲ್ಲ. ಇಂಥ ಜ್ವರ ಮೂತ್ರದ ಸೋಂಕಿನದ್ದೂ ಇರಬಹುದು. ಮಡಿಕೇರಿ ರಸ್ತೆಗೆ ಮರ ಬಿದ್ದಿದೆ. ಕಪಾಟಿನಲ್ಲಿ ಅಣ್ಣನಿಗೆ ತಂದಿದ್ದ ಆಂಟಿಬಯೋಟಿಕ್ ಸಿರಪ್ ಅರ್ಧ ಉಳಿದಿದೆ. ಒಂದು ಚಮಚ ಹಾಕಿ ನೋಡೋಣ ಅನ್ನಿಸುತ್ತದೆ, ಅಲ್ವಾ? ನನ್ನ ಮಗಳಿಗೆ ನಾನು ಹಾಗೇ ಹಾಕಿದ್ದೆ. ಜ್ವರ ಒಂದು ದಿನ ಇಳಿದು ಮತ್ತೆ ಏರಿತು. ಆಮೇಲೆ ಮೂತ್ರದ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಟೆಸ್ಟ್ ಮಾಡಿಸಿದೆ. ಮೊದಲೇ ಸಿರಪ್ ಹಾಕಿದ್ದರಿಂದ ಅದರಲ್ಲಿ ಏನೂ ಬೆಳೆಯಲಿಲ್ಲ. ಯಾವ ಔಷಧಿ ಸರಿ ಅಂತ ಹೇಳುವ ದಾರಿಯೇ ಮುಚ್ಚಿಹೋಯಿತು.

ಮಕ್ಕಳ ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣ ಇ-ಕೋಲೈ ಬ್ಯಾಕ್ಟೀರಿಯಾ. ಅದು ಹೊರಗಿನಿಂದ ಬಂದದ್ದಲ್ಲ, ಮಗುವಿನ ಕರುಳಿನಲ್ಲೇ ಇರುತ್ತದೆ. ಜೂನ್‌ನಲ್ಲಿ ಬರೀ ಶೀತಕ್ಕೆ ಆಂಟಿಬಯೋಟಿಕ್ ಕೊಟ್ಟಿರಿ ಅನ್ನಿ. ಶೀತ ವೈರಸ್‌ನಿಂದ ಬರುವುದು, ಅದಕ್ಕೆ ಈ ಔಷಧಿ ತಾಗುವುದೇ ಇಲ್ಲ. ಕರುಳಿನಲ್ಲಿ ಮಾತ್ರ ಮೆತ್ತಗಿನ ಬ್ಯಾಕ್ಟೀರಿಯಾ ಸತ್ತು ಗಟ್ಟಿಯವು ಉಳಿಯುತ್ತವೆ, ತಿಂಗಳುಗಟ್ಟಲೆ ಇರುತ್ತವೆ. ಆಗಸ್ಟ್‌ನಲ್ಲಿ ಅವೇ ಮೂತ್ರನಾಳ ಹತ್ತಿದರೆ ಮಾಮೂಲಿ ಸಿರಪ್ ಕೆಲಸ ಮಾಡದೆ ಹೋಗಬಹುದು. ಲ್ಯಾಬ್ ವರದಿಯಲ್ಲಿ ಇಎಸ್‌ಬಿಎಲ್ ಅಂತ ಬರೆದಿದ್ದರೆ, ಆ ಬ್ಯಾಕ್ಟೀರಿಯಾ ಸೆಫಿಕ್ಸಿಮ್‌ನಂಥ ಔಷಧಿಯನ್ನೇ ಒಡೆದುಹಾಕುತ್ತದೆ ಎಂದರ್ಥ. ಆಗ ಎಷ್ಟೋ ಮಕ್ಕಳು ಇಂಜೆಕ್ಷನ್‌ಗಾಗಿ ಆಸ್ಪತ್ರೆಯಲ್ಲಿ ಮಲಗಬೇಕಾಗುತ್ತದೆ.

ಅದಕ್ಕೇ ಮೊದಲ ಡೋಸ್‌ಗೆ ಮುಂಚೆ ಮೂತ್ರ ಹಿಡಿಯಬೇಕು. ಲ್ಯಾಬ್‌ನಿಂದ ಕಲ್ಚರ್ ಡಬ್ಬಿ ಕೇಳಿ ತನ್ನಿ. ಮನೆಯ ಜಾಮ್ ಬಾಟಲಿ ಎಷ್ಟು ತೊಳೆದರೂ ಆಗದು. ನಿಮ್ಮ ಕೈ ತೊಳೆದುಕೊಂಡು, ಮಗುವನ್ನು ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಡೆಟಾಲ್‌ನಂಥದ್ದು ಬೇಡ, ಅದು ಮೂತ್ರಕ್ಕೆ ಸೇರಿದರೆ ಟೆಸ್ಟ್ ಕೆಡುತ್ತದೆ. ದೊಡ್ಡ ಮಗುವಾದರೆ ಮೊದಲು ಬರುವ ಮೂತ್ರ ಬಿಟ್ಟು ನಡುವಿನದ್ದು ಹಿಡಿಯಿರಿ. ಕೈಗೂಸಾದರೆ ತಾಳ್ಮೆ ಬೇಕು. ಹಾಲು ಕುಡಿಸಿ, ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಕಿಬ್ಬೊಟ್ಟೆಯ ಮೇಲೆ ಮೆಲ್ಲಗೆ ಸುತ್ತು ಸುತ್ತಾಗಿ ಒರೆಸುತ್ತಿರಿ. ಕೆಲವು ಮಕ್ಕಳು ಐದು ನಿಮಿಷದೊಳಗೆ ಸುಸು ಮಾಡುತ್ತವೆ. ಮುಚ್ಚಳ ತೆಗೆದು ಸಿದ್ಧವಾಗಿರಿ, ಡಬ್ಬಿಯ ಒಳಭಾಗ ಮುಟ್ಟಬೇಡಿ. ಅಂಟಿಸುವ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದರೆ ಚರ್ಮದ ಬ್ಯಾಕ್ಟೀರಿಯಾವೂ ಸೇರುವುದರಿಂದ ಕಲ್ಚರ್‌ಗೆ ನಂಬಲಾಗದು.

ಇನ್ನು ಸಾಗಿಸುವುದು. ನಮ್ಮ ಕಡೆ ಎಡವುವುದು ಇಲ್ಲೇ ಜಾಸ್ತಿ. ಒಂದು ಗಂಟೆಯೊಳಗೆ ಲ್ಯಾಬ್ ತಲುಪಿದರೆ ಒಳ್ಳೆಯದು. ತೋಟದ ಲೈನ್ ಮನೆಯಿಂದ ಜೀಪ್ ಕಾದು ಹೋಗುವವರಿಗೆ ಅದು ಆಗದ ಮಾತು. ಹಾಗಿದ್ದರೆ ಡಬ್ಬಿಯನ್ನು ಎರಡು ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ, ಐಸ್ ಹಾಕಿದ ಅಗಲ ಬಾಯಿಯ ಫ್ಲಾಸ್ಕ್‌ನಲ್ಲಿಡಿ. ಕರೆಂಟ್ ಇಲ್ಲದಿದ್ದರೆ ಮೀನಿನ ಅಂಗಡಿಯಲ್ಲಿ ಐಸ್ ಕೇಳಿ. ಫ್ರಿಜ್‌ನಲ್ಲಿಟ್ಟ ಮೂತ್ರ 24 ಗಂಟೆಯವರೆಗೂ ನಡೆಯುತ್ತದೆ, ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ಹೆಸರು, ವಯಸ್ಸು, ಹಿಡಿದ ಸಮಯ ಬರೆಯಿರಿ.

ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಅಥವಾ ಮಗು ವಾಂತಿ ಮಾಡುತ್ತಾ ಮಂಕಾಗಿದ್ದರೆ, ಮನೆಯಲ್ಲಿ ಮೂತ್ರಕ್ಕಾಗಿ ಕಾಯಬೇಡಿ. ಸೀದಾ ಆಸ್ಪತ್ರೆಗೆ ಹೊರಡಿ.

ವರದಿಗೆ ಎರಡು ಮೂರು ದಿನ ಬೇಕು. ಅಷ್ಟರಲ್ಲಿ ಡಾಕ್ಟರು ಅಂದಾಜಿನ ಮೇಲೆ ಒಂದು ಔಷಧಿ ಶುರು ಮಾಡಬಹುದು. ವರದಿಯಲ್ಲಿ ಎಸ್ ಎಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ, ಆರ್ ಎಂದರೆ ಬಗ್ಗದು. ಕೊಡುತ್ತಿರುವ ಸಿರಪ್ಪಿನ ಮುಂದೆ ಆರ್ ಇದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ವರದಿ ಬರದಿದ್ದರೂ 48 ಗಂಟೆಯಲ್ಲಿ ಜ್ವರ ಇಳಿಯದಿದ್ದರೆ ಮತ್ತೆ ಹೋಗಿ. ಜ್ವರ ಬಿಟ್ಟಿತೆಂದು ನೀವಾಗಿ ಔಷಧಿ ನಿಲ್ಲಿಸಬೇಡಿ. ಹೇಳಿದಷ್ಟು ದಿನ ಕೊಟ್ಟ ಮೇಲೂ ಉಳಿದರೆ, ತಮ್ಮನಿಗೋ ಪಕ್ಕದ ಮನೆಯ ಮಗುವಿಗೋ ಎತ್ತಿಡಬೇಡಿ. ಆ ವರದಿಯನ್ನು ಮಾತ್ರ ತಾಯಿ ಕಾರ್ಡಿನ ಜೊತೆ ಜೋಪಾನವಾಗಿಡಿ. ಮುಂದಿನ ಸಲ ಜ್ವರ ಬಂದಾಗ ಡಾಕ್ಟರು ಮೊದಲು ಕೇಳುವುದು ಅದನ್ನೇ.