ಪ್ರಧಾನಮಂತ್ರಿ ಯಾವಾಗಲೂ ಹುಡುಗನೇ ಯಾಕೆ? ಶಾಲಾ ಸಂಸತ್ತು ನಡೆಸುವವರಿಗೆ

ಜೂನ್ ಬಂತು ಅಂದರೆ ಶಾಲಾ ಸಂಸತ್ತಿನ ಚುನಾವಣೆ. ಮೊಬೈಲನ್ನೇ ಮತಯಂತ್ರ ಮಾಡಿ, ಬೆರಳಿಗೆ ಶಾಯಿ ಹಚ್ಚಿ, ಗ್ರೂಪಿಗೆ ಫೋಟೋ ಹಾಕಿದರೆ ಮುಗಿಯಿತು. ಫಲಿತಾಂಶ ಮಾತ್ರ ಅದೇ: ಪ್ರಧಾನಮಂತ್ರಿ, ಕ್ರೀಡಾಮಂತ್ರಿ ಹುಡುಗರು, ಸ್ವಚ್ಛತೆ, ಸಾಂಸ್ಕೃತಿಕ ಖಾತೆ ಹುಡುಗಿಯರಿಗೆ. ನಾನು ಗುಂಡ್ಲುಪೇಟೆ ಕಡೆಯ ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್. ಇದನ್ನು ಬದಲಿಸಲು ನಾವು ಮಾಡುವುದು ಹೀಗೆ.

ಚುನಾವಣೆಗೆ ಮುಂಚೆ ಎಲ್ಲರಿಗೂ ಬಿಳಿ ಹಾಳೆ ಕೊಡಿ. "ರಾಜಕೀಯದವರೊಬ್ಬರು ಕೆಲಸ ಮಾಡ್ತಿರೋ ಚಿತ್ರ ಬರೀರಿ" ಅನ್ನಿ. ಗಂಡಾ ಹೆಣ್ಣಾ ಅಂತ ಕೇಳಿದರೆ "ನಿಮ್ಮಿಷ್ಟ". ಅಮೆರಿಕದ ಸಂಶೋಧಕರು 1ರಿಂದ 6ನೇ ತರಗತಿಯ 1,600ಕ್ಕೂ ಹೆಚ್ಚು ಮಕ್ಕಳಿಂದ ಇಂಥದ್ದೇ ಚಿತ್ರ ಬರೆಸಿದ್ದರು. 2022ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಹುಡುಗಿಯರ ವಯಸ್ಸು ಹೆಚ್ಚಿದಂತೆ ಅವರ ಚಿತ್ರಗಳಲ್ಲಿ ಗಂಡಸರೇ ಜಾಸ್ತಿ. ನಮ್ಮಲ್ಲೂ ಬಿಳಿ ಪಂಚೆ, ಮೀಸೆ, ಕೈಯಲ್ಲಿ ಮೈಕು! ಬೈಯಬೇಡಿ. ಚಿತ್ರಗಳನ್ನು ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಕೆ.ಎಸ್. ನಾಗರತ್ನಮ್ಮನವರ ಫೋಟೋ ಹಾಕಿ. ಇದೇ ಗುಂಡ್ಲುಪೇಟೆಯಿಂದ ಗೆದ್ದು, 1972ರಲ್ಲಿ ನಮ್ಮ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದವರು. ನಿಮ್ಮದು ಬೇರೆ ತಾಲ್ಲೂಕಾದರೆ ಅಲ್ಲಿಯವರನ್ನೇ ಹುಡುಕಿ. ದಿಲ್ಲಿಯ ಹೆಸರಿಗಿಂತ ಪಕ್ಕದ ಊರಿನ ಹೆಸರು ಮಕ್ಕಳಿಗೆ ಬೇಗ ನಾಟುತ್ತದೆ.

"ಯಾರು ನಿಲ್ತೀರಾ?" ಅಂತ ತರಗತಿಯಲ್ಲಿ ಕೇಳಲೇಬೇಡಿ. ಕೈ ಎತ್ತುವವರು ಹುಡುಗರೇ. ಹುಡುಗಿ ಎತ್ತಿದರೆ ಹಿಂದಿನ ಬೆಂಚಿನಿಂದ ನಗು. ಬದಲಿಗೆ ಚೀಟಿ ಕೊಟ್ಟು, "ಬಿಸಿಯೂಟದ ಸಾಲಲ್ಲಿ ಜಗಳ ಆದ್ರೆ ಯಾರ ಮಾತು ಕೇಳ್ತೀರಿ?" ಅಂತ ಹೆಸರು ಬರೆಸಿ. ಜಾಸ್ತಿ ಚೀಟಿ ಬಂದವರನ್ನು ಒಬ್ಬೊಬ್ಬರಾಗಿ ಕರೆದು ಕೇಳಿ. "ಅಪ್ಪನ್ನ ಕೇಳ್ಬೇಕು ಮಿಸ್" ಅಂದರೆ ಒತ್ತಾಯ ಬೇಡ, ನೀವೇ ಮನೆಗೆ ಫೋನ್ ಮಾಡಿ. ಸಂಜೆ ಲೇಟಾಗಿ ನಿಲ್ಲಿಸಿಕೊಳ್ಳುವುದಿಲ್ಲ ಅಂದರೆ ಸಾಕು, ಸಾಮಾನ್ಯವಾಗಿ ಒಪ್ಪುತ್ತಾರೆ.

ಖಾತೆಗಳನ್ನು ಲಾಟರಿಯಲ್ಲಿ ಹಂಚಿ. ಆಹಾರ ಖಾತೆ ಹುಡುಗನಿಗೆ ಬಂತಾ, ಬೇಳೆ ತೂಗುವಾಗ ಅವನೇ ನಿಲ್ಲಲಿ. ಸ್ವಚ್ಛತಾ ಮಂತ್ರಿ ಗುಡಿಸುವವರಲ್ಲ, ಗುಡಿಸುವ ಸರದಿ ಬರೆಯುವವರು. ಆ ಪಟ್ಟಿಯಲ್ಲಿ ಹುಡುಗರ ಹೆಸರೂ ಇರಲಿ.

ಪ್ರಧಾನಮಂತ್ರಿ ಸ್ಥಾನ ವರ್ಷ ಬಿಟ್ಟು ವರ್ಷ ಹುಡುಗಿಯರಿಗೆ ಮೀಸಲಿಡಿ. ಹುಡುಗರು ಗಲಾಟೆ ಮಾಡುತ್ತಾರೆ, ಮಾಡಲಿ. ಅವತ್ತಿನ ಗಣಿತದ ಲೆಕ್ಕ ಇದೇ: 2023ರಲ್ಲಿ ನಮ್ಮ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು 10. 2024ರಲ್ಲಿ ಲೋಕಸಭೆಯ 543ರಲ್ಲಿ 74. ಶೇಕಡಾ ಎಷ್ಟು? ಗ್ರಾಮ ಪಂಚಾಯಿತಿಯಲ್ಲಾದರೆ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಈ ವ್ಯತ್ಯಾಸ ಯಾಕೆ ಅಂತ ಹುಡುಗರನ್ನೇ ಕೇಳಿ.

ಇನ್ನು ಮಕ್ಕಳ ಗ್ರಾಮಸಭೆ, ಅಂದರೆ ಮಕ್ಕಳು ಗ್ರಾಮ ಪಂಚಾಯಿತಿಯವರನ್ನು ನೇರವಾಗಿ ಪ್ರಶ್ನೆ ಕೇಳುವ ಸಭೆ. ಪಂಚಾಯಿತಿ ಅಧ್ಯಕ್ಷೆಯ ಬದಲು ಅವರ ಯಜಮಾನರು ಬಂದು ಕೂರುವುದು ಹಲವು ಕಡೆ ಇದೆ. ಮಕ್ಕಳು ಇದನ್ನು ನೋಡಿಯೇ ಕಲಿಯುತ್ತಾರೆ, ಅಲ್ವಾ? ಆಹ್ವಾನ ಪತ್ರ ಅಧ್ಯಕ್ಷೆಯ ಹೆಸರಿಗೇ ಇರಲಿ. ಮಕ್ಕಳ ಕೈಯಲ್ಲೇ ಕಳಿಸಿ. ವೇದಿಕೆ ಮೇಲೆ ಸದಸ್ಯರ ಲೆಕ್ಕದಷ್ಟೇ ಕುರ್ಚಿ ಹಾಕಿಸಿ. ಸಭೆ ಶಾಲೆಯ ಹೊತ್ತಿನಲ್ಲೇ ನಡೆಯಲಿ. ಸಂಜೆಯಾದರೆ ತಮ್ಮ-ತಂಗಿ ನೋಡಿಕೊಳ್ಳಲು ಹುಡುಗಿಯರು ಮನೆಗೆ ಓಡುತ್ತಾರೆ. ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲ ಅನ್ನುವುದನ್ನು ಹುಡುಗನೊಬ್ಬ ಕೇಳಲಿ. ಆಟದ ಮೈದಾನದ ಪ್ರಶ್ನೆ ಹುಡುಗಿಯದು. ಕೇಳಿದವರ ಹೆಸರು, ಕೊಟ್ಟ ಉತ್ತರ ಎರಡೂ ನಡಾವಳಿ ಪುಸ್ತಕದಲ್ಲಿ ಬಂತಾ ಅಂತ ಏಳುವ ಮುಂಚೆ ನೋಡಿ. ಮುಂದಿನ ವರ್ಷ ಕೆಲಸ ಆಯ್ತಾ ಅಂತ ಕೇಳಲು ಅದೇ ಬೇಕು.