ಹಳೇ ಫೈಲಿಗೆ ಹಳೇ ಪ್ಲೇಯರೇ ಸರಿ: ನನ್ನ ಅನುಭವ

ಹಳೇ ಫೈಲಿಗೆ ಹಳೇ ಪ್ಲೇಯರೇ ಬೇಕು ಎಂದರೆ, ‘ಎಲ್ಲವನ್ನೂ ಓಡಿಸುವ ಬಿಟ್ಟಿ ಪ್ಲೇಯರ್ ವಿಎಲ್‌ಸಿ ಇದೆಯಲ್ಲ, ಇನ್ನೇನು ಬೇಕು?’ ಎಂದವರೇ ಜಾಸ್ತಿ. ನನ್ನ ಹತ್ತಿರ 1990ರ ದಶಕದಿಂದ ಹಿಡಿದು 2005ರ ಆಸುಪಾಸಿನವರೆಗಿನ ಸುಮಾರು 600 ವಿಡಿಯೋ, ಆಡಿಯೋ ಫೈಲ್ ಇದ್ದವು. ಎವಿಐ, ಎಂಒವಿ, ಆರ್‌ಎಂ, ಎಲ್ಲ ಕಲಬೆರಕೆ. ವಿಎಲ್‌ಸಿಯಲ್ಲಿ 500ರಷ್ಟು ಓಡಿದವು, ಅದಕ್ಕೆ ದೊಡ್ಡ ನಮಸ್ಕಾರ. ನನ್ನ ತಲೆ ತಿಂದದ್ದು ಉಳಿದವು.

ಮೊದಲು ದುಡ್ಡಿನ ವಿಷಯ. ಎಲ್ಲ ಫಾರ್ಮ್ಯಾಟ್ ಬದಲಿಸುತ್ತೇವೆ ಎಂದು ಜಂಬ ಕೊಚ್ಚಿಕೊಳ್ಳುವ ಒಂದು ಕನ್ವರ್ಟರ್ ಕೊಂಡೆ. ಫೋಲ್ಡರ್ ತೆಗೆದು ನೋಡಿದರೆ ಒಳಗೆ ಕೂತಿದ್ದದ್ದು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಬಿಟ್ಟಿ ಕನ್ವರ್ಟರ್ ಎಫ್‌ಎಫ್‌ಎಂಪೆಗ್! ಆಮೇಲೆ ಒಂದು ಸೆಕೆಂಡ್‌ಹ್ಯಾಂಡ್ ಪವರ್‌ಪಿಸಿ ಮ್ಯಾಕ್, ಅಂದರೆ ಆಪಲ್‌ನ ಹಳೇ ಕಂಪ್ಯೂಟರ್, ತರಿಸಿದೆ. ಬಂದು ಸ್ವಲ್ಪ ದಿನಕ್ಕೇ ಡಿಸ್ಕ್ ಕೈಕೊಟ್ಟಿತು. ಎರಡೂ ಸೇರಿ ಒಂದು ಒಳ್ಳೆಯ ಫೋನಿನ ದುಡ್ಡು ಹೋಯಿತು.

ಅಲ್ಲಿಗೆ ಹಾರ್ಡ್‌ವೇರ್ ಸಹವಾಸ ಬಿಟ್ಟೆ. ಒಂದೇ ಲ್ಯಾಪ್‌ಟಾಪ್‌ನೊಳಗೆ ಮೂರು ಹಳೇ ಕಾಲದ ಕಂಪ್ಯೂಟರ್ ಕಟ್ಟಿದೆ. ಒಂದು ವರ್ಚುವಲ್ ಮಷೀನಿನಲ್ಲಿ (ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್) ವಿಂಡೋಸ್ ಎಕ್ಸ್‌ಪಿ, ಇನ್ನೊಂದರಲ್ಲಿ 32 ಬಿಟ್ ಲಿನಕ್ಸ್, ಹಳೇ ಮ್ಯಾಕ್‌ನ ವೇಷ ಹಾಕುವ ಶೀಪ್‌ಶೇವರ್ ಎಂಬ ಸಾಫ್ಟ್‌ವೇರ್‌ನಲ್ಲಿ ಮ್ಯಾಕ್ ಓಎಸ್ 9.0.4. ‘ತಡವರಿಸುತ್ತೆ, ಸೌಂಡ್ ಹಿಂದೆ ಬೀಳುತ್ತೆ’ ಎಂದು ಗೆಳೆಯರು ನಕ್ಕರು.

ಎಕ್ಸ್‌ಪಿಗೆ ಅಪ್‌ಡೇಟ್ ಹಾಕಲಿಲ್ಲ, ನೆಟ್ ಕೂಡ ಕೊಡಲಿಲ್ಲ. 2009ರ ಡಿಸೆಂಬರ್‌ನಲ್ಲಿ ಭದ್ರತೆಯ ಕಾರಣಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ ಮೀಡಿಯಾ ಪ್ಲೇಯರ್‌ನಲ್ಲಿ ಇಂಡಿಯೋ ಎಂಬ ಹಳೇ ಕೋಡೆಕ್ (ವಿಡಿಯೋ ಬಿಚ್ಚಿ ತೋರಿಸುವ ತುಣುಕು ಸಾಫ್ಟ್‌ವೇರ್) ಓಡದಂತೆ ಮಾಡಿತ್ತು, ಅಲ್ವಾ? ಆ ಅಪ್‌ಡೇಟ್ ಬಂದರೆ ಅಂಥ ಫೈಲ್ ನಿಂತುಬಿಡುತ್ತವೆ, ಅದಕ್ಕೇ.

ಅತಿ ಹೆಚ್ಚು ಕಾಟ ಕೊಟ್ಟದ್ದು ಕ್ವಿಕ್‌ಟೈಮ್ ವಿಆರ್. ಮೌಸ್ ಹಿಡಿದು ಎಳೆದರೆ ಸುತ್ತಲೂ ತಿರುಗುವ ಪನೋರಮಾ ಅದು. ವಿಎಲ್‌ಸಿಗೆ ಅದು ಬರೀ ವಿಡಿಯೋ ಟ್ರ್ಯಾಕ್, ತಿರುಗಿಸುವ ಮಾತೇ ಇಲ್ಲ. ಎಕ್ಸ್‌ಪಿಯಲ್ಲಿ ಹಾಕಿದ್ದ ಆಪಲ್‌ನ ಪ್ಲೇಯರ್ ಕ್ವಿಕ್‌ಟೈಮ್ 7ರಲ್ಲಿ ತಕ್ಷಣ ತಿರುಗಿತು. ಆದರೆ ಪರದೆ ಕ್ಯಾಪ್ಚರ್ (ರೆಕಾರ್ಡ್) ಮಾಡಿದರೆ ಆ ಜಾಗ ಪೂರ್ತಿ ಕಪ್ಪು. ಎಷ್ಟೋ ರಾತ್ರಿ ಡ್ರೈವರ್ ಬದಲಿಸಿದ್ದೇ ಬಂತು. ಕೊನೆಗೆ ಕ್ವಿಕ್‌ಟೈಮ್ ಸೆಟ್ಟಿಂಗ್‌ನಲ್ಲಿ ‘ಸೇಫ್ ಮೋಡ್, ಜಿಡಿಐ ಓನ್ಲಿ’ ಒತ್ತಿದೆ, ಚಿತ್ರ ಬಂತು. ಅಲ್ಲಿಯವರೆಗೆ ಚಿತ್ರ ಡೈರೆಕ್ಟ್‌ಡ್ರಾ ಎಂಬ ವಿಂಡೋಸ್ ದಾರಿಯಲ್ಲಿ ನೇರ ಗ್ರಾಫಿಕ್ಸ್ ಕಾರ್ಡಿಗೆ ಹೋಗುತ್ತಿತ್ತು, ಕ್ಯಾಪ್ಚರ್‌ಗೆ ಸಿಕ್ಕಿದ್ದು ಖಾಲಿ ಚೌಕಟ್ಟು. ಜಿಡಿಐ ಅಂದರೆ ವಿಂಡೋಸ್ ಚಿತ್ರ ಬಿಡಿಸುವ ಮಾಮೂಲಿ ದಾರಿ. ಅಂದಹಾಗೆ, ಇದೇ ಪ್ಲೇಯರ್‌ನಲ್ಲಿ ಫುಲ್ ಸ್ಕ್ರೀನ್ ನೋಡೋಕೂ ಒಂದು ಕಾಲಕ್ಕೆ ಸುಮಾರು 30 ಡಾಲರ್ ಕೊಟ್ಟು ಪ್ರೊ ಕೀ ಕೊಳ್ಳಬೇಕಿತ್ತು. 2007ರಲ್ಲಿ 7.2 ಬಂದ ಮೇಲೆ ಅದು ಬಿಟ್ಟಿ ಆಯಿತು.

ಲಿನಕ್ಸ್ 32 ಬಿಟ್ ಯಾಕೆ? ಎಂಪ್ಲೇಯರ್ ಎಂಬ ಪ್ಲೇಯರ್ ವಿಂಡೋಸ್‌ನ ಡಿಎಲ್ಎಲ್ (ವಿಂಡೋಸ್ ಸಾಫ್ಟ್‌ವೇರ್‌ನ ಬಿಡಿ ಭಾಗ) ಕೋಡೆಕ್‌ಗಳನ್ನೇ ಎತ್ತಿಕೊಂಡು ಲಿನಕ್ಸ್‌ನಲ್ಲಿ ಓಡಿಸುತ್ತಿತ್ತು. ಆ ಡಿಎಲ್ಎಲ್‌ಗಳು 32 ಬಿಟ್, 64 ಬಿಟ್ ಎಂಪ್ಲೇಯರ್ ಅವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಟ ಹಿಡಿದ ಎವಿಐಗಳು ಇಲ್ಲೇ ಬಗ್ಗಿದವು. ಮ್ಯಾಕ್ ಓಎಸ್ 9 ಮಾತ್ರ ಹೆಚ್ಚು ಉಪಯೋಗಕ್ಕೆ ಬರಲಿಲ್ಲ, ಸುಮ್ನೆ ಚಂದಕ್ಕೆ ಇದೆ.

ಸೌಂಡ್ ಹಿಂದೆ ಬೀಳದ ಹಾಗೆ ಹಿಡಿದದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಆಡಿಯೋ ಬಫರ್ ಅಲ್ಲ, ಅಷ್ಟು ಹೇಳಬಲ್ಲೆ. ಉಳಿದದ್ದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಸ್ಕಿನ್, ಅಂದರೆ ಪ್ಲೇಯರಿಗೆ ಹೊಸ ರೂಪ ತೊಡಿಸುವ ಹುಚ್ಚೂ ಹಿಡಿಯಿತು. ಹಳೇ ಹಾಡಿನ ಪ್ಲೇಯರ್ ವಿನ್‌ಆಂಪ್ 2ರ ಸ್ಕಿನ್ ಅಂದರೆ ಹೆಸರು ಬದಲಿಸಿದ ಜಿಪ್ ಅಷ್ಟೇ, ಒಳಗೆ ಬಿಎಂಪಿ ಚಿತ್ರಗಳು. ಮುಖ್ಯ ಕಿಟಕಿ 275 ಪಿಕ್ಸೆಲ್ ಅಗಲ, 116 ಎತ್ತರ. ಎಕ್ಸ್‌ಎಂಎಂಎಸ್ ಎಂಬ ಪ್ಲೇಯರ್ ಅದನ್ನೇ ಲಿನಕ್ಸ್‌ನಲ್ಲಿ ಓದುತ್ತಿತ್ತು, ಇವತ್ತಿನ ಆಡೇಶಿಯಸ್ ಪ್ಲೇಯರ್ ಕೂಡ ಓದುತ್ತದೆ. ನಾನೇ ಒಂದು ಸ್ಕಿನ್ ಬರೆದು ಈ ಮೂರು ಪ್ಲೇಯರಿನಲ್ಲೂ ಹಾಕಿದೆ, ಒಂದೇ ಥರ ಕಂಡಿತು. ಇದರಿಂದ ಕೆಲಸಕ್ಕೇನೂ ಲಾಭವಿಲ್ಲ.

ಈಗ ಓಡದೆ ಉಳಿದಿರುವುದು ರಿಯಲ್‌ಪ್ಲೇಯರ್‌ನ ಹತ್ತಿಪ್ಪತ್ತು ಆರ್‌ಎಎಂ ಫೈಲ್. ಅವುಗಳಲ್ಲಿ ಹಾಡೂ ಇಲ್ಲ, ವಿಡಿಯೋವೂ ಇಲ್ಲ, ಎಂದೋ ನಿಂತುಹೋದ ಸರ್ವರಿನ ವಿಳಾಸ ಒಂದು ಸಾಲು. ಅದನ್ನು ಯಾರೂ ಓಡಿಸಲಾರರು. ನಕ್ಕಿದ್ದ ಗೆಳೆಯನೊಬ್ಬ ಮೊನ್ನೆ ಫೋನ್ ಮಾಡಿ, ಎಕ್ಸ್‌ಪಿಯಲ್ಲಿ ಯಾವ ಪ್ಲೇಯರಿನ ಯಾವ ವರ್ಷನ್ ಹಾಕಿದೆ ಎಂದು ಕೇಳಿದ. ಪಟ್ಟಿ ಕಳಿಸಿದೆ. ಸೌಂಡಿನ ಗುಟ್ಟು ಮಾತ್ರ ಅದರಲ್ಲಿ ಇಲ್ಲ.