ಭಯವನ್ನು ಗದರಿಸುವುದು ಬಿಟ್ಟ ಮೇಲೆ ನಿದ್ದೆ ಬಂತು

ಭಯ ಅನ್ನೋದು ನಂಬಿಕೆ ಇಲ್ಲದವರ ಕಾಯಿಲೆ ಎಂದು ನಮ್ಮ ಪ್ರಾರ್ಥನಾ ಕೂಟದ ಹಿರಿಯರೊಬ್ಬರು ಹೇಳುತ್ತಿದ್ದರು. ನನ್ನ ಕಡೆ ನೋಡಿಕೊಂಡೇ ಹೇಳುತ್ತಿದ್ದರು. ಈಗ ಅವರೇ ಫೋನ್ ಮಾಡಿ, "ಬೈಬಲಿನ ಆ 55ನೇ ಕೀರ್ತನೆ ಹೇಗೆ ಓದಬೇಕು ಅಂದಿದ್ದೆ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಹಾಗಾಗಿ ಬರೆದೇ ಬಿಡುತ್ತೇನೆ.

ನನ್ನದು ರಾತ್ರಿ ಭಯ. ಎರಡೂವರೆ, ಮೂರರ ಹೊತ್ತಿಗೆ ತಟ್ಟನೆ ಎಚ್ಚರ. ಎದೆ ಡವಡವ. ಇವತ್ತೇ ಕೊನೆ ಅನ್ನುವ ಖಾತ್ರಿ. ಕೈ ತಾನಾಗಿ ಮಣಿಕಟ್ಟಿಗೆ ಹೋಗುತ್ತಿತ್ತು, ನಾಡಿ ಎಣಿಸೋಕೆ. ಎಣಿಸಿದಷ್ಟೂ ಬಡಿತ ಜಾಸ್ತಿ. ಇಸಿಜಿ, ಎಕೋ, ಟ್ರೆಡ್‌ಮಿಲ್, ಥೈರಾಯ್ಡ್ ಎಲ್ಲ ಆಯಿತು. ಎಲ್ಲವೂ ನಾರ್ಮಲ್. ಹತ್ತಿರಹತ್ತಿರ ಎರಡು ತಿಂಗಳ ಸಂಬಳ ಬರೀ ರಿಪೋರ್ಟುಗಳಿಗೆ ಹೋಯಿತು. ಹೊಸ ರಿಪೋರ್ಟ್ ಬಂದರೆ ಒಂದು ವಾರ ಧೈರ್ಯ. ಆಮೇಲೆ ಮನಸ್ಸು ಶುರು ಮಾಡುತ್ತಿತ್ತು: ಅವತ್ತು ಸರಿ ಇತ್ತು, ಇವತ್ತು ಏನು ಗ್ಯಾರಂಟಿ?

ಪ್ರಾರ್ಥನೆಗೆ ದುಡ್ಡು ಬೇಕಿಲ್ಲ ಅಂತೀರಾ? ಆ ಲೆಕ್ಕವೂ ಇದೆ. ಮೂರು ದಿನದ ಧ್ಯಾನಕೂಟಗಳು, ಅವಕ್ಕೆ ಓಡಾಟ, ಕಾಣಿಕೆ, ಅಭಿಷೇಕದ ಎಣ್ಣೆ, ಭಯ ಜಯಿಸುವ ಬಗ್ಗೆ ಒಂದು ಶೆಲ್ಫ್ ತುಂಬ ಪುಸ್ತಕ, ರಾತ್ರಿಯಿಡೀ ವಾಕ್ಯ ಕೇಳಲು ಒಳ್ಳೇ ಹೆಡ್‌ಫೋನ್. ಇನ್ನೊಂದು ತಿಂಗಳ ಸಂಬಳ ಅಂದುಕೊಳ್ಳಿ. ಒಂದು ಕೂಟದಲ್ಲಿ ಬೋಧಕರು ತಲೆ ಮೇಲೆ ಕೈಯಿಟ್ಟು ಭಯದ ಆತ್ಮವನ್ನು ಜೋರಾಗಿ ಗದರಿಸಿದರು. ಮನೆ ತಲುಪುವವರೆಗೂ ಹಾಯಾಗಿತ್ತು. ಮೂರು ಗಂಟೆಗೆ ಮತ್ತೆ ಅದೇ ಕಥೆ. ಉಪವಾಸ ಪ್ರಾರ್ಥನೆ ನನಗೆ ಇನ್ನೂ ಕೆಟ್ಟದಾಗಿ ಹೊಡೆಯಿತು. ಹೊಟ್ಟೆ ಖಾಲಿ ಇದ್ದರೆ ಕೈ ನಡುಗುತ್ತಿತ್ತು, ಆ ನಡುಕ ನೋಡಿ ಭಯ ಎದ್ದು ಕೂರುತ್ತಿತ್ತು.

91ನೇ ಕೀರ್ತನೆ ಬಾಯಿಪಾಠ ಮಾಡಿ ತಾಯಿತದ ಹಾಗೆ ಕಟ್ಟಿಕೊಂಡಿದ್ದೆ. ರಾತ್ರಿಯ ಭಯಕ್ಕೆ ಅಂಜಬೇಕಿಲ್ಲ ಎಂದು ಅದರಲ್ಲೇ ಇದೆಯಲ್ಲ. ಆದರೆ ಹೇಳಿ ಮುಗಿಸಿದ ಮೇಲೂ ಎದೆ ಬಡಿಯುತ್ತಿದ್ದರೆ, ಈ ವಾಗ್ದಾನ ನನಗಲ್ಲ ಅನ್ನುವ ಇನ್ನೊಂದು ಭಯ ಸೇರಿಕೊಳ್ಳುತ್ತಿತ್ತು. ದೇವಾಲಯದ ತುದಿಯಲ್ಲಿ ಯೇಸುವನ್ನು ಪರೀಕ್ಷಿಸುವಾಗ ಸೈತಾನ ಎತ್ತಿ ಹೇಳಿದ್ದೂ ಇದೇ ಕೀರ್ತನೆಯ ಮಾತು ಎಂದು ಆಮೇಲೆ ಹೊಳೆಯಿತು. ಅದನ್ನು ಪರೀಕ್ಷೆಗೆ ಬಳಸುವುದನ್ನು ಅಲ್ಲಿಗೇ ನಿಲ್ಲಿಸಿದೆ.

ಕೆಲಸಕ್ಕೆ ಬಂದಿದ್ದು 55. ಆ ಕೀರ್ತನೆ ಹಾಡಿದ ಅರಸ ದಾವೀದ ಅಲ್ಲಿ ಭಯವನ್ನು ಗದರಿಸುವುದೇ ಇಲ್ಲ. 4 ಮತ್ತು 5ನೇ ವಚನದಲ್ಲಿ ತನಗೆ ಆಗುತ್ತಿರುವುದನ್ನು ಹೇಳುತ್ತಾನೆ: ಎದೆಯೊಳಗೆ ಸಂಕಟ, ಮರಣಭಯ, ನಡುಕ. ಮುಂದಿನ ವಚನದಲ್ಲೇ ಪಾರಿವಾಳದ ರೆಕ್ಕೆ ಇದ್ದಿದ್ದರೆ ಹಾರಿ ಹೋಗುತ್ತಿದ್ದೆ ಅನ್ನುತ್ತಾನೆ. ಓಡಿಹೋಗುವ ಆಸೆಯನ್ನೂ ದೇವರ ಮುಂದೆಯೇ ಹೇಳಬಹುದು ಅನ್ನೋದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ನಾನು ಮಾಡಿದ್ದು ಹೀಗೆ. ಎಚ್ಚರವಾದರೆ ಮಲಗಿಕೊಂಡು ಒದ್ದಾಡುವುದಿಲ್ಲ. ಎದ್ದು ಕೂತು, ಪಾದ ನೆಲಕ್ಕೆ ಊರಿ, ಲೈಟ್ ಹಾಕುತ್ತೇನೆ. 4, 5ನೇ ವಚನವನ್ನು ಪಿಸುಮಾತಿನಲ್ಲಿ, ಆದರೆ ಬಾಯಿ ಬಿಟ್ಟು ಓದುತ್ತೇನೆ. ಮನಸ್ಸಲ್ಲೇ ಓದಿದರೆ ಪ್ರಯೋಜನವಿಲ್ಲ, ನೋಡಿದ್ದೇನೆ. ಆಮೇಲೆ ಸ್ವಂತ ಮಾತು. "ಕರ್ತನೇ, ಭಯ ತೆಗೆದುಬಿಡು" ಅನ್ನೋದು ಬೇಡ. "ಎಡಗಡೆ ಚುಚ್ಚುತ್ತಿದೆ. ನಾನು ಹೋದರೆ ಮಗಳ ಫೀಸು ಯಾರು ಕಟ್ಟುತ್ತಾರೆ? ಸಾಲದ ಕಂತು ಇನ್ನೂ ಇದೆ." ಇಷ್ಟು ಬಿಡಿಬಿಡಿಯಾಗಿ. ಇಲ್ಲೊಂದು ವಾಕ್ಯ ಸೇರಿಸುತ್ತೇನೆ, ಅದನ್ನು ಇಲ್ಲಿ ಬರೆಯಲ್ಲ. ಅದು ನನಗೂ ಆತನಿಗೂ ಮಧ್ಯೆ ಇರಲಿ. ಆಮೇಲೆ 22ನೇ ವಚನಕ್ಕೆ ಹಾರುತ್ತೇನೆ, ಭಾರವನ್ನು ಯೆಹೋವನ ಮೇಲೆ ಹಾಕುವ ಮಾತು. ಕೊನೆಗೆ ಆ ದಿನದ ಒಂದೇ ಒಂದು ವಿಷಯಕ್ಕೆ ಸ್ತೋತ್ರ, ಅಂದರೆ ದೇವರಿಗೆ ಕೃತಜ್ಞತೆ. ಒಂದೇ ಸಾಕು. ಪಟ್ಟಿ ಮಾಡಲು ಹೋದರೆ ನಾಟಕವಾಗುತ್ತದೆ.

ಈ ಸ್ತೋತ್ರದ ಭಾಗ ಫಿಲಿಪ್ಪಿಯವರಿಗೆ ಬರೆದ ಪತ್ರದ 4:6ರಿಂದ ತೆಗೆದುಕೊಂಡಿದ್ದು. ಯೇಸುವಿನ ಅಪೊಸ್ತಲ ಪೌಲ ಅದನ್ನು ಬರೆದದ್ದು ಸೆರೆಯಲ್ಲಿದ್ದಾಗ. 7ನೇ ವಚನ ಸರಿಯಾಗಿ ಓದಿ. ಕೇಳಿದ್ದು ಸಿಗುತ್ತದೆ ಎಂದು ಅಲ್ಲಿಲ್ಲ. ದೇವಶಾಂತಿ ಹೃದಯವನ್ನು ಕಾಯುತ್ತದೆ ಎಂದಷ್ಟೇ ಇದೆ. ಬೇಡಿಕೊಂಡಿದ್ದು ಆಯಿತೋ ಇಲ್ಲವೋ ಎಂದು ಬೆಳಿಗ್ಗೆ ಎದ್ದು ಲೆಕ್ಕ ಹಾಕುವುದು ಇದರಿಂದ ತಪ್ಪಿತು.

ಇಷ್ಟಾದ ಮೇಲೆ ನಾಡಿ ಮುಟ್ಟದೆ ಮಲಗಬೇಕು. ಅಸಲಿ ಕಷ್ಟ ಇದೇ. ಅಂಗೈ ಎರಡನ್ನೂ ತೊಡೆ ಕೆಳಗೆ ಇಟ್ಟುಕೊಂಡು ಮಲಗಿದ್ದೂ ಉಂಟು. ಮೊದಲ ಕೆಲವು ವಾರ ಏನೂ ಆಗಲಿಲ್ಲ, ಮನೆಯವರು ನಕ್ಕರು. ಸುಮಾರು ಎರಡು ತಿಂಗಳಾದ ಮೇಲೆ ಅರ್ಧ ಗಂಟೆಯೊಳಗೆ ಮತ್ತೆ ನಿದ್ದೆ ಹತ್ತತೊಡಗಿತು. ಮೊದಲು ವಾರಕ್ಕೆ ನಾಲ್ಕೈದು ರಾತ್ರಿ ಏಳುತ್ತಿದ್ದವನು ಈಗ ತಿಂಗಳಿಗೆ ಒಂದೆರಡು ಸಲ ಏಳುತ್ತೇನೆ. ಏಳುವುದು ನಿಂತಿಲ್ಲ. ಎದ್ದರೆ ಹೆದರಿಕೆ ಕಡಿಮೆ, ಅಷ್ಟೇ.

ಮಾತ್ರೆಯ ವಿಷಯ. ಡಾಕ್ಟರ್ ಕೊಟ್ಟಿದ್ದನ್ನು ಬಿಡಲಿಲ್ಲ, ಆಮೇಲೆ ಅವರೇ ಕಡಿಮೆ ಮಾಡಿದರು. ಮಾತ್ರೆ ತಗೊಂಡರೆ ನಂಬಿಕೆ ಎಲ್ಲಿ ಎಂದು ಕೂಟದಲ್ಲಿ ಕೇಳಿದರು. ಪೌಲನ ಜೊತೆಗಿದ್ದ ಲೂಕ ವೈದ್ಯನೇ ಅಲ್ವಾ ಅಂದೆ. ಅರಸ ಆಹಾಬನ ಹೆಂಡತಿಗೆ ಹೆದರಿ ಓಡಿ, ಸಾವು ಬೇಡಿದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ. ಅದನ್ನು ಓದಿದ ಮೇಲೆ ರಾತ್ರಿ ಊಟ ಬಿಡುವುದನ್ನೂ ನಿಲ್ಲಿಸಿದೆ.

ಬಿರುಗಾಳಿಗೆ ಹೆದರಿದ ಶಿಷ್ಯರು ದೋಣಿಯಲ್ಲಿ ಮಲಗಿದ್ದ ಯೇಸುವನ್ನು ಎಬ್ಬಿಸಿದ ಘಟನೆಯ ಬಗ್ಗೆ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸು ಮೊದಲು ಗಾಳಿಯನ್ನು ನಿಲ್ಲಿಸಿ, ಆಮೇಲೆ "ಯಾಕೆ ಹೆದರುತ್ತೀರಿ" ಎಂದು ಕೇಳುತ್ತಾನೆ ಅಂದೆ. ಮತ್ತಾಯನಲ್ಲಿ ಮೊದಲು ಪ್ರಶ್ನೆ, ಆಮೇಲೆ ಗಾಳಿ ಎಂದು ಹಿರಿಯರು ತೆರೆದು ತೋರಿಸಿದರು. ನಿಜವೇ. ಆದರೆ ಹೆದರಿ ಎಬ್ಬಿಸಿದ್ದಕ್ಕೆ ಎರಡರಲ್ಲೂ ಯಾರನ್ನೂ ದೋಣಿಯಿಂದ ಇಳಿಸಲಿಲ್ಲ ಎಂದಾಗ ಅವರು ಸುಮ್ಮನಾದರು. ಆ ದಿನ ನಾನೇ ಗೆದ್ದೆ ಅಂತ ಇಟ್ಟುಕೊಳ್ಳಿ.

ಮಧ್ಯೆ ಯೇಸು ನಾಮದ ಪ್ರಾರ್ಥನೆಯನ್ನೂ ನೋಡಿದೆ. ಆರ್ಥೊಡಾಕ್ಸ್ ಸಭೆಗಳಲ್ಲಿ ಬಹಳ ಹಿಂದಿನಿಂದ ಇದೆ. "ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು." ಉಸಿರಿನ ಜೊತೆ ನಿಧಾನವಾಗಿ ಹೇಳುವುದು. ಹಗಲಲ್ಲಿ, ಲಿಫ್ಟಿನಲ್ಲಿ, ಕ್ಯೂನಲ್ಲಿ ಭರ್ಜರಿ. ರಾತ್ರಿ ನನಗೆ ಆಗಲಿಲ್ಲ. ಉಸಿರನ್ನು ಗಮನಿಸುತ್ತಾ ಗಮನಿಸುತ್ತಾ ಅದನ್ನೂ ಎಣಿಸತೊಡಗಿದೆ. 88ನೇ ಕೀರ್ತನೆಯನ್ನೂ ಓದಿದೆ. ಓದಬೇಡ, ಅದು ಕತ್ತಲೆಯಲ್ಲೇ ಮುಗಿಯುತ್ತದೆ ಎಂದು ಕೂಟದವರು ತಡೆದಿದ್ದರು. ಕತ್ತಲೆಯಲ್ಲೇ ಮುಗಿಯುತ್ತದೆ, ಹೌದು. ನನಗೆ ಅದರಿಂದ ತೊಂದರೆಯಾಗಲಿಲ್ಲ. ಕೆಟ್ಟ ರಾತ್ರಿಗಳಲ್ಲಿ ಈಗಲೂ ಓದುತ್ತೇನೆ.

ಶುರು ಮಾಡುವವರು ನೇರವಾಗಿ ರಾತ್ರಿ ಮೂರಕ್ಕೆ ಕೈ ಹಾಕಬೇಡಿ. ಎರಡು ವಾರ ಹಗಲಲ್ಲಿ, ಭಯ ಇಲ್ಲದಾಗ ಓದಿ. 55 ಉದ್ದ ಅನ್ನಿಸಿದರೆ 13 ಹಿಡಿಯಿರಿ. ಆರೇ ವಚನ. ಮೊದಲೆರಡರಲ್ಲೇ "ಎಲ್ಲಿಯ ತನಕ" ಎಂದು ನಾಲ್ಕು ಸಲ ಕೇಳುತ್ತಾನೆ. ಎದೆನೋವು ಮೊದಲ ಸಲ ಬಂದಿದ್ದರೆ ಇದ್ಯಾವುದೂ ಬೇಡ. ಮೊದಲು ಆಸ್ಪತ್ರೆಗೆ ಹೋಗಿ, ಕೀರ್ತನೆಯನ್ನು ದಾರಿಯಲ್ಲಿ ಓದಿ.